ಮಟ್ಟ ತಪ್ಪಿದ ನೀರು

ಸಿದ್ದಾಪುರ ಸೀಮೆಯ ಒಂದು ಅಡಿಕೆ ತೋಟದ ಮನೆ. ಆಷಾಢದ ಮಳೆ ಬೆಳಿಗ್ಗೆ ತುಸು ಹೊಳವು ಕೊಟ್ಟಿದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಸೋದರಮಾವ ತಂಗಿಯ ಮನೆಗೆ ಬಂದಿದ್ದಾರೆ. ಪಿಯುಸಿ ಎರಡನೇ ವರ್ಷದ ಸೊಸೆ ದೋಸೆ ಹೊಯ್ಯುತ್ತ ಮಾತು ತೆಗೆದಿದ್ದಾಳೆ.

ಸೊಸೆ: ಈಗ ನೋಡಿ ಮಾವ, ಎಷ್ಟು ಚೆನ್ನಾಗಿ ಉರೀತಾ ಇದೆ. ಮಧ್ಯಾಹ್ನ ಅನ್ನ ಬೇಯೋ ಹೊತ್ತಿಗೆ ಉರಿ ಭುಕ್ ಭುಕ್ ಅಂತ ಕುಣಿಯೋಕೆ ಹಿಡೀತದೆ. ಸಂಜೆ ಚಹಕ್ಕೆ ಇಟ್ರೆ ಆರಿಯೇ ಹೋಗ್ತದೆ. ದನ ಐದಿದ್ದದ್ದು ಮೂರಾಯ್ತು, ಸಗಣಿ ಸಾಲೋದಿಲ್ಲ, ಗೋಬರ್ ಗ್ಯಾಸಿನ ಗುಂಡಿ ಮುಚ್ಚಿಸಿ ಇನ್ನೊಂದು ಸಿಲಿಂಡರ್ ತಗೊಳ್ಳೋಣ ಅಂತಿದ್ದಾರೆ ಅಪ್ಪ.

ಮಾವ: ಸಂಜೆ ಗ್ಯಾಸ್ ಮುಗಿದಿರ್ತದೆ ಅಂತ ಯಾರು ನೋಡಿದ್ದು?

ಸೊಸೆ: ಒಲೆ ಆರ್ತದಲ್ಲ, ಮತ್ತೇನು ನೋಡೋದು? ಗ್ಯಾಸೇನು ಕಣ್ಣಿಗೆ ಕಾಣ್ತದಾ?

ಮಾವ: ಕಾಣೋ ಹಾಗೆ ಮಾಡಬಹುದು. ಕಳೆದ ವರ್ಷ ಜಗಲಿಗೆ ಗಾರೆ ಮಾಡಿದವರು ಒಂದು ಮಟ್ಟದ ಪೈಪು ಬಿಟ್ಟು ಹೋಗಿದ್ದರಲ್ಲ, ಅದಿದೆಯಾ?

ಸೊಸೆ: ಆ ಉದ್ದದ ಪಾರದರ್ಶಕ ಪೈಪಾ? ಕೊಟ್ಟಿಗೆಯ ಅಟ್ಟದಲ್ಲಿ ಸುತ್ತಿಟ್ಟಿದೆ. ಅದರಿಂದ ಏನು ಮಾಡ್ತೀರಿ?

ಮಾವ: ಅದನ್ನು ತಾ. ನಾಲ್ಕಡಿ ಹಲಗೆ ಒಂದು, ನಿನ್ನಮ್ಮನ ಹೊಲಿಗೆ ಟೇಪು, ಬಟ್ಟೆಗೆ ಹಾಕೋ ನೀಲಿ ಎರಡು ಹನಿ. ಇಷ್ಟು ಸಾಕು. ಗಾರೆಯವರು ಆ ಪೈಪಲ್ಲಿ ಏನು ಮಾಡ್ತಾರೆ ಅಂತ ಗಮನಿಸಿದ್ದೀಯಾ?

ಸೊಸೆ: ಒಂದು ತುದಿ ಒಬ್ಬ, ಇನ್ನೊಂದು ತುದಿ ಇನ್ನೊಬ್ಬ ಹಿಡೀತಾರೆ. ನೀರು ಎರಡೂ ಕಡೆ ಎಲ್ಲಿ ನಿಲ್ತದೋ ಅಲ್ಲಿ ಗೋಡೆಗೆ ಗುರುತು ಹಾಕ್ತಾರೆ. ಎರಡೂ ಗುರುತು ಒಂದೇ ಮಟ್ಟ.

ಮಾವ: ಯಾಕೆ ಒಂದೇ ಮಟ್ಟ?

ಸೊಸೆ: ನೀರು ಯಾವಾಗಲೂ ಸಮಕ್ಕೇ ನಿಲ್ತದಲ್ಲ.

ಮಾವ: ಯಾವಾಗಲೂ ಅಲ್ಲ ಕೂಸೇ. ಎರಡೂ ತುದಿ ಬಾಯಿ ತೆರೆದಿವೆ, ಎರಡರ ಮೇಲೂ ಇದೇ ಗಾಳಿ ಕೂತಿದೆ. ಅಮುಕೋ ಬಲ ಎರಡು ಕಡೆಯೂ ಒಂದೇ ಆಗಿರೋದರಿಂದ ಮಟ್ಟ ಒಂದೇ. ಈಗ ಒಂದು ತುದಿಯನ್ನ ಬಾಯಲ್ಲಿಟ್ಟುಕೊಂಡು ಮೆಲ್ಲಗೆ ಊದು. ಊದಿದ ಕಡೆ ನೀರು ಇಳೀತದೆ, ಆಚೆ ಕಡೆ ಏರ್ತದೆ. ಎಲ್ಲಿ ತನಕ? ಏರಿದ ನೀರಿನ ಭಾರ ನಿನ್ನ ಉಸಿರಿನ ಒತ್ತಡಕ್ಕೆ ಸಮ ಆಗೋ ತನಕ. ಅಲ್ಲಿಗೆ ನಿಂತು ಬಿಡ್ತದೆ. ಗಾರೆಯವನ ಕೈಲಿ ಅದು ಮಟ್ಟದ ಪೈಪು. ಒಂದು ತುದಿಯನ್ನ ಗ್ಯಾಸಿಗೆ ಕೊಟ್ಟ ಕೂಡಲೆ ಮ್ಯಾನೋಮೀಟರ್. ಎರಡಕ್ಕೂ ನಡುವೆ ಬೇರೆ ಯಾವ ವ್ಯತ್ಯಾಸವೂ ಇಲ್ಲ.

(ಹಲಗೆಗೆ ಪೈಪನ್ನು ಬಾಳೆಪಟ್ಟೆಯ ಹಗ್ಗದಿಂದ ಕಟ್ಟಿದರು. ಕೆಳಗೆ ಬಾಗಿ ಎರಡು ಕಾಲುಗಳಾಗಿ ಮೇಲೆದ್ದ ಪೈಪು, ನಡುವೆ ಹೊಲಿಗೆ ಟೇಪು. ನೀಲಿ ನೀರನ್ನು ಅರ್ಧಕ್ಕೆ ತುಂಬಿದರು.)

ಸೊಸೆ: ಪೂರ್ತಿ ತುಂಬಲಾ?

ಮಾವ: ಬೇಡ. ನೀರು ಏರೋಕೂ ಜಾಗ ಬೇಕು, ಇಳಿಯೋಕೂ ಬೇಕು. ಕಾಲು ಗಿಡ್ಡವಾದ್ರೆ ಒತ್ತಡ ಹೆಚ್ಚಿದಾಗ ನೀರನ್ನೇ ಹೊರಗೆ ಉಗುಳಿ, ಹಿಂದಿನಿಂದ ಗ್ಯಾಸು ಬರ್ತದೆ. ನಿಮ್ಮದು ದೀನಬಂಧು ಮಾದರಿ, ಇಟ್ಟಿಗೆಯ ಗುಮ್ಮಟ. ಅದರಲ್ಲಿ ಒತ್ತಡ ಒಂದು ಮೀಟರ್ ನೀರಿನೆತ್ತರದ ಹತ್ತಿರ ಹೋಗಬಹುದು. ಮತ್ತೆ, ಆ ಬಾಗಿನಲ್ಲಿ ಒಂದು ಗುಳ್ಳೆ ಕೂತಿದೆ ನೋಡು. ಬೆರಳಲ್ಲಿ ತಟ್ಟಿ ಹೊರಡಿಸು. ಗುಳ್ಳೆ ಇದ್ದಷ್ಟು ಉದ್ದ ನೀರಿಲ್ಲ ಅಂತ ಲೆಕ್ಕ, ಅಳತೆ ಸುಳ್ಳಾಗ್ತದೆ. ಗಾರೆಯವರೂ ಮೊದಲು ಗುಳ್ಳೆಯನ್ನೇ ಹುಡುಕೋದು.

ಸೊಸೆ: ಹೋಯ್ತು. ಈಗ ಎರಡೂ ಕಡೆ ಐವತ್ತೈದರಲ್ಲಿದೆ.

ಮಾವ: ಸರಿ, ಒಲೆ ಆರಿಸು. ಬೀಡಿ ಸೇದೋರು ಯಾರೂ ಹತ್ತಿರ ಬರೋದು ಬೇಡ. ಗುಂಡಿಯ ಹತ್ತಿರ ಹೋಗೋಣ. ಗುಮ್ಮಟದ ಮೇಲಿನ ವಾಲ್ವಿನ ಪಕ್ಕ ಒಂದು ಬಿರಡೆ ಇದೆ, ಅಲ್ಲಿಗೆ ಜೋಡಿಸೋಣ. ನಿಧಾನಕ್ಕೆ ತೆರೀಬೇಕು, ಇಲ್ಲದಿದ್ರೆ ನೀರು ಎಗರ್ತದೆ.

(ಗುಂಡಿಯ ಬಳಿ.)

ಸೊಸೆ: ಅಬ್ಬ! ಏರ್ತಾ ಇದೆ, ಏರ್ತಾ ಇದೆ. ನಿಂತಿತು. ಐವತ್ತೈದರಿಂದ ಎಂಬತ್ತಾರು. ಮೂವತ್ತೊಂದು ಸೆಂಟಿಮೀಟರ್!

ಮಾವ: ಇನ್ನೊಂದು ಕಾಲು?

ಸೊಸೆ: ಅದು ಇಪ್ಪತ್ತನಾಲ್ಕಕ್ಕೆ ಇಳಿದಿದೆ. ಓ, ಅದೂ ಮೂವತ್ತೊಂದು ಇಳಿದಿದೆ. ಹಾಗಾದ್ರೆ ಅರುವತ್ತೆರಡಾ?

ಮಾವ: ಅರುವತ್ತೆರಡೇ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಹತ್ತರಲ್ಲಿ ಏಳು ಮಕ್ಕಳು ಇಲ್ಲೇ ತಪ್ಪೋದು. ಏರಿದ್ದು ಕಣ್ಣಿಗೆ ಬೀಳ್ತದೆ, ಇಳಿದದ್ದು ಬೀಳೋದಿಲ್ಲ. ಇಳಿದ ಮಟ್ಟದಿಂದ ಏರಿದ ಮಟ್ಟದ ತನಕ ನಿಂತ ನೀರಿನ ಕಂಬ ಇದೆಯಲ್ಲ, ಆ ಅಷ್ಟೂ ಕಂಬವನ್ನ ಈಗ ಗ್ಯಾಸು ಹೊತ್ತುಕೊಂಡಿದೆ. ಅದರ ಕೆಳಗಿನ ನೀರು ಎರಡೂ ಕಡೆ ಸಮ, ಅದಕ್ಕೆ ಲೆಕ್ಕ ಇಲ್ಲ.

ಸೊಸೆ: ಈ ಪೈಪು ಬೆರಳಿನಷ್ಟು ಸಪುರ. ಕೊಡದಷ್ಟು ಅಗಲದ ಪೈಪಾಗಿದ್ರೆ ಇಷ್ಟೆತ್ತರ ಎತ್ತೋಕೆ ಗ್ಯಾಸಿಗೆ ಆಗ್ತಿತ್ತಾ?

ಮಾವ: ಅಷ್ಟೇ ಎತ್ತರ ಎತ್ತುತ್ತಿತ್ತು. ಅಗಲ ಹೆಚ್ಚಾದ್ರೆ ನೀರಿನ ಭಾರ ಹೆಚ್ಚು, ನಿಜ. ಆದರೆ ಗ್ಯಾಸು ಒತ್ತೋ ಜಾಗವೂ ಅಷ್ಟೇ ಪಟ್ಟು ಹೆಚ್ಚು. ಒಂದು ಚದರ ಸೆಂಟಿಮೀಟರ್ ಜಾಗ ತಗೋ. ಅದರ ಮೇಲೆ ಒಂದು ಸೆಂಟಿಮೀಟರ್ ನೀರು ನಿಂತರೆ ಒಂದು ಗ್ರಾಂ. ಅರುವತ್ತೆರಡು ನಿಂತರೆ ಅರುವತ್ತೆರಡು ಗ್ರಾಂ. ಈಗ ನಿಮ್ಮ ಗುಮ್ಮಟದೊಳಗೆ ಗ್ಯಾಸು ಪ್ರತಿ ಚದರ ಸೆಂಟಿಮೀಟರಿಗೆ ಹೊರಗಿನ ಗಾಳಿಗಿಂತ 62 ಗ್ರಾಂ ಹೆಚ್ಚು ಭಾರದಿಂದ ಒತ್ತುತ್ತಾ ಇದೆ. ಎತ್ತರ, ಸಾಂದ್ರತೆ, ಗುರುತ್ವ, ಈ ಮೂರನ್ನ ಗುಣಿಸಿದರೆ ಒತ್ತಡ ಅಂತ ನಿನ್ನ ಪುಸ್ತಕದಲ್ಲಿದೆಯಲ್ಲ, ಅದರ ಪ್ರಕಾರ ಹೇಳೋದಾದ್ರೆ ಸುಮಾರು 6,080 ಪ್ಯಾಸ್ಕಲ್. ಆದರೆ ಗ್ರಾಂ ಅಂದಾಗ ಕೈಗೆ ಸಿಕ್ಕಿದ ಹಾಗೆ ಆಗ್ತದೆ ನನಗೆ. ಅಡುಗೆ ಸಿಲಿಂಡರಿನ ರೆಗ್ಯುಲೇಟರ್ ಒಲೆಗೆ ಬಿಡೋ ಒತ್ತಡ ಎಷ್ಟು ಗೊತ್ತಾ? ಚದರ ಸೆಂಟಿಮೀಟರಿಗೆ 30 ಗ್ರಾಂ.

ಸೊಸೆ: ಹಾಗಾದ್ರೆ ನಮ್ಮ ಗುಂಡಿಯಲ್ಲಿ ಅದರ ಎರಡು ಪಟ್ಟು ಇದೆ!

ಮಾವ: ಬೆಳಗಿನ ಹೊತ್ತಿಗೆ ಇದೆ. ಸಗಣಿ ಸಾಲದ ಗುಂಡಿ ಹೀಗಿರ್ತದಾ?

ಸೊಸೆ: ಒಂದು ಅನುಮಾನ. ಹೊರಗಿನ ಗಾಳಿಗಿಂತ ಹೆಚ್ಚು ಅಂದ್ರಿ. ಆ ಗಾಳಿಯದ್ದೇ ಎಷ್ಟು?

ಮಾವ: ಸಮುದ್ರದಂಡೆಯಲ್ಲಿ 10.33 ಮೀಟರ್ ನೀರಿನ ಕಂಬದಷ್ಟು. ಘಟ್ಟದ ಮೇಲಿರೋ ನಮಗೆ ಹತ್ತು ಮೀಟರಿಗೆ ತುಸು ಕಡಿಮೆ. ನಿಮ್ಮಪ್ಪ ಬಾವಿಯ ಪಂಪನ್ನ ಮೇಲೆ ದಂಡೆಯಲ್ಲಿಡದೆ ಒಳಗೆ ಕಟ್ಟೆ ಕಟ್ಟಿ ಇಳಿಸಿದ್ದು ಯಾಕೆ ಅಂದ್ಕೊಂಡಿದ್ದೀ? ಪಂಪು ಹೀರೋದು ಅಂದ್ರೆ ಪೈಪಿನೊಳಗಿನ ಗಾಳಿ ತೆಗೆಯೋದು ಅಷ್ಟೇ. ನೀರನ್ನ ಮೇಲೆ ತಳ್ಳೋದು ಹೊರಗಿನ ಗಾಳಿ. ಹತ್ತು ಮೀಟರಿನಾಚೆ ತಳ್ಳೋಕೆ ಅದಕ್ಕೂ ಶಕ್ತಿ ಇಲ್ಲ, ನಿಜದಲ್ಲಿ ಏಳೆಂಟು ಮೀಟರಿಗೇ ಪಂಪು ಸೋಲ್ತದೆ. ಇಟಲಿಯಲ್ಲಿ ಟೊರಿಚೆಲ್ಲಿ ಈ ವಿಷಯವನ್ನೇ ಹಿಡಿದು ಹೊರಟ. ಹತ್ತು ಮೀಟರ್ ನೀರಿನ ಬದಲು ಅದಕ್ಕಿಂತ 13.6 ಪಟ್ಟು ಭಾರದ ಪಾದರಸ ತಗೊಂಡ. ಕಂಬ 76 ಸೆಂಟಿಮೀಟರಿಗೆ ಬಂದು ನಿಂತಿತು. 1644ರಲ್ಲಿ ಅದನ್ನ ಗೆಳೆಯನಿಗೆ ಪತ್ರ ಬರೆದು ತಿಳಿಸಿದ. ನಮ್ಮ ಈ ಹಲಗೆ ಅಳೆಯೋದು ಗಾಳಿಯ ಮೇಲಿನ ಹೆಚ್ಚುವರಿಯನ್ನ ಮಾತ್ರ. ಒಲೆಗೆ ಬೇಕಾದ್ದೂ ಅದೇ.

ಸೊಸೆ: ನಮ್ಮ ಕಾಲೇಜಿನಲ್ಲಿ ಪಾದರಸದ ಕೊಳವೆ ಒಂದಿದೆ, ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ.

ಮಾವ: ಒಳ್ಳೆಯದೇ ಮಾಡಿದ್ದಾರೆ. ನನ್ನಿಂದ ಒಂದು ತಪ್ಪಾಗಿದೆ ಕೂಸೇ, ಇವತ್ತಿಗೂ ಮನಸ್ಸಿಗೆ ಚುಚ್ತದೆ. ಕೆಲಸಕ್ಕೆ ಸೇರಿದ ಹೊಸತು. ಬಾಯ್ಲ್‌ನ ನಿಯಮ ತೋರಿಸ್ತಾ ಇದ್ದೆ. ಗಿಡ್ಡ ಕಾಲು ಮುಚ್ಚಿದ ಬಾಗು ಕೊಳವೆ, ಅದರೊಳಗೆ ಸಿಕ್ಕಿಬಿದ್ದ ಗಾಳಿ. ಉದ್ದ ಕಾಲಿಗೆ ಪಾದರಸ ಹೊಯ್ತಾ ಹೋದರೆ ಗಾಳಿ ಕುಗ್ತಾ ಬರ್ತದೆ. ಮೇಲಿನ ವಾತಾವರಣದ ಜೊತೆ ಅದರಷ್ಟೇ ಭಾರದ ಪಾದರಸವೂ ಬಿದ್ದಾಗ ಗಾಳಿ ಸರಿಯಾಗಿ ಅರ್ಧ ಆಗ್ತದೆ. ಬಾಯ್ಲ್ 1662ರಲ್ಲಿ ಪ್ರಕಟಿಸಿದ್ದು ಅದನ್ನೇ. ಅವನ ಕೊಳವೆ ಎಷ್ಟು ಉದ್ದ ಅಂದ್ರೆ ಮೆಟ್ಟಿಲ ಹತ್ತಿರ ನಿಲ್ಲಿಸಿ ಪ್ರಯೋಗ ಮಾಡಿದ್ದ, ಒಂದು ಕೊಳವೆ ಒಡೆದೂ ಹೋಗಿತ್ತು. ನನ್ನದೂ ಒಡೆಯಿತು. ಪಾದರಸ ಗುಂಡುಗುಂಡಾಗಿ ನೆಲದ ತುಂಬ ಓಡಿತು. ಮಕ್ಕಳು ಖುಷಿಯಲ್ಲಿ ಅಂಗೈಗೆ ಬಳಿದು ತುಂಬಿಕೊಂಡರು, ನಾನು ನೋಡ್ತಾ ನಿಂತೆ. ಬೇಡ ಅನ್ನಲಿಲ್ಲ. ಅದರ ಆವಿ ವಿಷ ಅಂತ ಓದಿದ್ದೆ, ಓದಿದ್ದು ಆ ಗಳಿಗೆಗೆ ನೆನಪಿಗೆ ಬರಲಿಲ್ಲ. ಆಮೇಲೆ ಬಿರುಕುಗಳಿಗೆ ಗಂಧಕದ ಪುಡಿ ಚೆಲ್ಲಿ, ಕಿಟಕಿ ತೆರೆದಿಟ್ಟು ಎರಡು ದಿನ ಆ ಕೋಣೆ ಮುಚ್ಚಿದ್ವಿ. ಅಲ್ಲಿಂದೀಚೆ ನನ್ನ ತರಗತಿಯಲ್ಲಿ ನೀರೇ.

ಸೊಸೆ: ಆದರೆ ದೊಡ್ಡ ಒತ್ತಡಕ್ಕೆ ಪಾದರಸ ಬೇಕೇ ಅಲ್ವಾ?

ಮಾವ: ಅದಕ್ಕೂ ಮಿತಿ ಇದೆ. 1891ರಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರದ ಉದ್ದಕ್ಕೂ ಕಾಯ್ಯೆತೆ ಎಂಬ ವಿಜ್ಞಾನಿ 300 ಮೀಟರ್ ಎತ್ತರದ ಪಾದರಸದ ಮ್ಯಾನೋಮೀಟರ್ ಕಟ್ಟಿಸಿದ. 400 ವಾತಾವರಣದ ತನಕ ಅಳೀತಿತ್ತು. ಪ್ರತಿ ಕಾರ್ಖಾನೆಗೂ ಒಂದೊಂದು ಗೋಪುರ ಕಟ್ಟೋಕೆ ಆಗ್ತದಾ? ಅದಕ್ಕೇ ಮುಳ್ಳಿನ ಗೇಜು ಬಂದದ್ದು. ಜಾತ್ರೆಯಲ್ಲಿ ಊದಿದರೆ ಸುರುಳಿ ಬಿಚ್ಚೋ ಕಾಗದದ ಪೀಪಿ ಮಾರ್ತಾರಲ್ಲ, ಒಳಗಿರೋದು ಹೆಚ್ಚುಕಡಿಮೆ ಅದೇ. ಬಾಗಿಸಿದ ಚಪ್ಪಟೆ ಲೋಹದ ಕೊಳವೆ, ಒತ್ತಡ ಬಿದ್ದಾಗ ತುಸುವೇ ನೆಟ್ಟಗಾಗ್ತದೆ, ಆ ತುಸುವನ್ನ ಹಲ್ಲುಗಾಲಿಗಳು ಹಿಗ್ಗಿಸಿ ಮುಳ್ಳು ತಿರುಗಿಸ್ತವೆ. ಬೂರ್ದೋ ಎಂಬ ಫ್ರಾನ್ಸಿನವನು 1849ರಲ್ಲಿ ಹಕ್ಕುಪತ್ರ ಪಡೆದದ್ದು. ಪಂಕ್ಚರ್ ಅಂಗಡಿಯ ಗೇಜೂ ಅದೇ ಜಾತಿ.

ಸೊಸೆ: ಅದನ್ನೇ ಒಂದು ತಂದು ಕೂರಿಸಿಬಿಟ್ರೆ ಈ ಹಲಗೆ ಯಾಕೆ?

ಮಾವ: ಆ ಮುಳ್ಳು ಹೇಳೋದು ಸರಿ ಅಂತ ಯಾರು ಹೇಳಬೇಕು? ಲೋಹ ದಣೀತದೆ, ತುಕ್ಕು ಹಿಡೀತದೆ. ಸಗಣಿ ಗ್ಯಾಸಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಅನಿಲವೂ ತುಸು ಇರ್ತದೆ, ಅದು ಹಿತ್ತಾಳೆ ತಾಮ್ರವನ್ನ ತಿನ್ನೋಕೆ ಬಹಳ ಹೊತ್ತು ತಗೊಳ್ಳೋದಿಲ್ಲ. ಗೇಜನ್ನ ಆಗಾಗ ಇನ್ನೊಂದು ನಂಬಿಕೆಯ ಅಳತೆಗೆ ಹಿಡಿದು ನೋಡ್ತಾ ಇರಬೇಕು. ಈ ನೀರಿನ ಕಂಬಕ್ಕೆ ಹಾಗೆ ಇನ್ನೊಂದರ ಸಾಕ್ಷಿ ಬೇಡ. ತಕ್ಕಡಿ ನೋಡಿದ ಹಾಗೆ. ಒಂದು ತಟ್ಟೆಯಲ್ಲಿ ಗ್ಯಾಸು, ಇನ್ನೊಂದರಲ್ಲಿ ನೀರು. ನಿನ್ನ ಕಣ್ಣೆದುರೇ ತೂಗಿ ನಿಂತಿರ್ತದೆ. ನನಗೆ ಈ ಉಪಕರಣದ ಮೇಲೆ ಇರೋ ಪ್ರೀತಿ ಅದಕ್ಕೇ. ಸರಿ, ಈಗ ಬಿರಡೆ ಹಾಕಿ ಒಲೆಯ ಹತ್ತಿರ ಅಳೆಯೋಣ.

(ಅಡುಗೆಮನೆಯಲ್ಲಿ, ಒಲೆಯ ರಬ್ಬರ್ ಪೈಪು ಕಳಚಿ ಅಲ್ಲಿಗೆ ಜೋಡಿಸಿದರು.)

ಸೊಸೆ: ಇಲ್ಲಿ ಎಪ್ಪತ್ತೈದೂವರೆ, ಆ ಕಡೆ ಮೂವತ್ತನಾಲ್ಕೂವರೆ. ನಲವತ್ತೊಂದು. ಅಲ್ಲಿ ಅರುವತ್ತೆರಡಿತ್ತು! ದಾರಿಯಲ್ಲಿ ಇಪ್ಪತ್ತೊಂದು ಸೆಂಟಿಮೀಟರ್ ಎಲ್ಲಿ ಹೋಯ್ತು?

ಮಾವ: ನೀನೇ ಹೇಳು.

ಸೊಸೆ: ಉದ್ದದ ಪೈಪು, ತಿಕ್ಕಾಟ. ಹರಿಯುವಾಗ ಒತ್ತಡ ಕಡಿಮೆಯಾಗ್ತದೆ ಅಂತ ಓದಿದ್ದೇನೆ.

ಮಾವ: ಈಗ ಗ್ಯಾಸು ಹರೀತಾ ಇದೆಯಾ?

ಸೊಸೆ: ಇಲ್ಲ. ತುದಿಯಲ್ಲಿ ನೀರು ಅಡ್ಡ ನಿಂತಿದೆಯಲ್ಲ. ಹರಿಯದೆ ತಿಕ್ಕಾಟ ಇಲ್ಲ. ಹರಿಯದಿದ್ರೆ ಎರಡೂ ತುದಿಯಲ್ಲಿ ಒಂದೇ ಇರಬೇಕಿತ್ತು.

ಮಾವ: ಹತ್ತು ನಿಮಿಷ ಬಿಟ್ಟು ಮತ್ತೆ ನೋಡೋಣ.

ಸೊಸೆ: ನಲವತ್ತೊಂದೇ. ಅಲುಗಾಡಿಲ್ಲ. ಪೈಪಲ್ಲಿ ಸೋರಿಕೆ ಇದ್ರೆ ಇಳೀತಾ ಹೋಗಬೇಕಿತ್ತು, ಹಾಗೂ ಆಗ್ಲಿಲ್ಲ. ನಡುವೆ ಏನೋ 21 ಸೆಂಟಿಮೀಟರ್ ಒತ್ತಡವನ್ನ ಹಿಡಿದುಕೊಂಡು ಕೂತಿದೆ. ಗಟ್ಟಿ ಕಸವಾಗಿದ್ರೆ ಪೂರ್ತಿ ತಡೀತಿತ್ತು. ಇದು ಲೆಕ್ಕ ಹಾಕಿ ತಡೀತಾ ಇದೆ. ಮಾವ, ಈ ಹಲಗೆಯ ಹಾಗೆ! ಪೈಪಿನೊಳಗೇ ನೀರು ನಿಂತಿದೆಯಾ?

ಮಾವ: ನಾನೂ ಅದನ್ನೇ ಅಂದುಕೊಂಡೆ. ಗುಂಡಿಯಿಂದ ಬರೋ ಗ್ಯಾಸು ಒದ್ದೆ. ಮಳೆಗಾಲದಲ್ಲಿ ಹೊರಗಿನ ಪೈಪು ತಣ್ಣಗಾದಾಗ ಆ ಹಬೆ ಹನಿಯಾಗಿ ತಗ್ಗಿಗೆ ಇಳೀತದೆ. ತಗ್ಗು ತುಂಬಿದ ಮೇಲೆ ಅದೊಂದು ಬಾಗು ಕೊಳವೆ, ನಾವು ಹಲಗೆಗೆ ಕಟ್ಟಿಕೊಂಡದ್ದರ ಅಣ್ಣ. ಗ್ಯಾಸು ಅದರ ನೀರನ್ನ ಅಡುಗೆಮನೆ ಕಡೆಯ ಏರಿಗೆ ತಳ್ಳಿ ಗುಳ್ಳೆಗುಳ್ಳೆಯಾಗಿ ದಾಟಬೇಕು. ಭುಕ್ ಭುಕ್ ಅಂದದ್ದು ಒಲೆಯಲ್ಲ, ಆ ಗುಳ್ಳೆಗಳು. ಸರಿ, ನಮ್ಮ ಊಹೆ ನಿಜವಾಗಿದ್ರೆ ಸಂಜೆ ಒಲೆ ಆರೋ ಹೊತ್ತಿಗೆ ಗುಂಡಿಯಲ್ಲಿ ಎಷ್ಟಿರಬೇಕು?

ಸೊಸೆ: ಶೂನ್ಯಕ್ಕೆ ಇಳಿದಿರೋದಿಲ್ಲ. ಇಪ್ಪತ್ತೊಂದು, ಇಪ್ಪತ್ತೆರಡು.

ಮಾವ: ಬರೆದಿಡು. ಈಗಲೇ ಪೈಪು ಬಿಚ್ಚೋದು ಬೇಡ, ಸಂಜೆ ತನಕ ಕಾಯೋಣ.

ಸೊಸೆ: ಕಾಯೋ ತನಕ ಇನ್ನೊಂದು ಕೇಳ್ತೇನೆ. ಬೆಳಿಗ್ಗೆ 62, ಸಂಜೆ 22. ಅಜ್ಜನ ಮನೆಯಲ್ಲಿ ಕಬ್ಬಿಣದ ಡ್ರಮ್ಮು ತೇಲೋ ಗುಂಡಿ ಇತ್ತು, ಅಲ್ಲಿ ಉರಿ ಹೀಗೆ ಹೆಚ್ಚು ಕಡಿಮೆ ಆಗ್ತಿರಲಿಲ್ಲ ಅಂತಾಳೆ ಅಮ್ಮ.

ಮಾವ: ನಿಜ. ಅಲ್ಲಿ ಒತ್ತಡ ಕೊಡೋದು ಡ್ರಮ್ಮಿನ ಭಾರ. ಗ್ಯಾಸು ತುಂಬಿದರೆ ಡ್ರಮ್ಮು ಏರ್ತದೆ, ಖಾಲಿಯಾದರೆ ಇಳೀತದೆ, ಭಾರ ಹೆಚ್ಚುಕಡಿಮೆ ಅದೇ. ಸಾಮಾನ್ಯವಾಗಿ 10 ಸೆಂಟಿಮೀಟರ್ ನೀರಿನಷ್ಟು. ಉರಿ ಸಾಲದಾದಾಗ ನನ್ನ ಅಮ್ಮ ಡ್ರಮ್ಮಿನ ಮೇಲೆ ಹಳೇ ಬೀಸೋ ಕಲ್ಲು ಹೇರ್ತಿದ್ದಳು. ಅಡ್ಡಳತೆ 125 ಸೆಂಟಿಮೀಟರಿನ ಡ್ರಮ್ಮಾದರೆ ಒಂದು ಸೆಂಟಿಮೀಟರ್ ಒತ್ತಡ ಹೆಚ್ಚಿಸೋಕೆ ಹನ್ನೆರಡು ಕಿಲೋ ಮೇಲೆ ಬೇಕು. ಅಮ್ಮ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಕಲ್ಲು ಆರಿಸೋದರಲ್ಲಿ ಅವಳ ಅಂದಾಜು ತಪ್ಪಿದ್ದು ನಾನು ಕಾಣೆ.

ಸೊಸೆ: ನಮ್ಮ ಗುಮ್ಮಟ ಏರೋದೂ ಇಲ್ಲ, ಇಳಿಯೋದೂ ಇಲ್ಲ. ಹಾಗಾದ್ರೆ ಇಲ್ಲಿ ಒತ್ತಡ ಕೊಡೋದು ಯಾರು?

ಮಾವ: ಸ್ಲರಿ ಹೊರಗೆ ಬರೋ ತೊಟ್ಟಿ ನೋಡು, ಈಗ ಕಂಠಮಟ್ಟ ಇದೆ. ಸಂಜೆ ನೋಡಿದರೆ ಇಳಿದಿರ್ತದೆ. ಗ್ಯಾಸು ಒಳಗಿನ ಬಗ್ಗಡವನ್ನ ಕೆಳಕ್ಕೆ ಒತ್ತಿದಾಗ ಅದು ಹೊರಗಿನ ತೊಟ್ಟಿಗೆ ಏರ್ತದೆ. ಒಳಗಿನ ಮಟ್ಟಕ್ಕೂ ಹೊರಗಿನ ಮಟ್ಟಕ್ಕೂ ಇರೋ ಎತ್ತರದ ವ್ಯತ್ಯಾಸವೇ ಒತ್ತಡ. ಬಗ್ಗಡದ ಸಾಂದ್ರತೆ ನೀರಿಗಿಂತ ಬಹಳ ಬೇರೆಯಲ್ಲ.

ಸೊಸೆ: ಅಂದ್ರೆ ಇಡೀ ಗುಂಡಿಯೇ... ಒಂದು ಕಾಲು ಗುಮ್ಮಟದೊಳಗೆ, ಇನ್ನೊಂದು ಕಾಲು ಈ ತೊಟ್ಟಿ!

ಮಾವ: ಹೌದು. 1984ರಲ್ಲಿ ಈ ಮಾದರಿ ರೂಪಿಸಿದವರು ಸಗಣಿಯ ಕೈಲೇ ಒತ್ತಡ ಕಾಯಿಸಿದರು. ಮಿತಿ ಮೀರಿದರೆ ತೊಟ್ಟಿಯ ಬಾಯಿಂದ ಬಗ್ಗಡ ಹೊರಚೆಲ್ತದೆ, ಕೊನೆಗೆ ಗ್ಯಾಸು ಅದೇ ದಾರಿಯಲ್ಲಿ ಗುಳ್ಳೆಯಾಗಿ ಹೊರಗೆ ಹೋಗ್ತದೆ. ಇಟ್ಟಿಗೆಯ ಗುಮ್ಮಟಕ್ಕೆ ಅಪಾಯ ಇಲ್ಲ. ಕಬ್ಬಿಣ ಬೇಡ, ಗೇಜು ಬೇಡ. ಇಂಥದ್ದನ್ನ ಮುಚ್ಚಿಸ್ತೇನೆ ಅಂತಾನಲ್ಲ ನಿಮ್ಮಪ್ಪ, ನನಗೆ ಹೊಟ್ಟೆ ಉರೀತದೆ.

(ಸಂಜೆ. ಚಹದ ಪಾತ್ರೆಯ ಕೆಳಗೆ ಉರಿ ಎರಡು ಬಾರಿ ಕುಣಿದು ಆರಿತು. ಸೊಸೆ ಹಲಗೆ ಹೊತ್ತು ಗುಂಡಿಯ ಕಡೆ ಓಡಿದಳು.)

ಸೊಸೆ: ಅರುವತ್ತಾರು, ನಲವತ್ತನಾಲ್ಕು. ಇಪ್ಪತ್ತೆರಡು ಮಾವ! ಇಷ್ಟು ದಿನ ಇಷ್ಟು ಗ್ಯಾಸನ್ನ ಗುಂಡಿಯಲ್ಲೇ ಬಿಟ್ಟು ನಾವು ಕಟ್ಟಿಗೆ ಒಲೆ ಹಚ್ತಾ ಇದ್ವಿ.

ಮಾವ: ಈಗ ಆ ತಗ್ಗು ಹುಡುಕಬೇಕು. ಪೈಪು ಕೊಟ್ಟಿಗೆಯಿಂದ ಅಂಗಳ ದಾಟಿ ಬರ್ತದಲ್ಲ, ಕಣ್ಣಂದಾಜಿಗೆ ಸಮ ಕಾಣ್ತದೆ. ಹಲಗೆಯಿಂದ ಕೊಳವೆ ಬಿಚ್ಚು. ಈಗ ಅದು ಮತ್ತೆ ಗಾರೆಯವರ ಮಟ್ಟದ ಪೈಪು. ಒಂದು ತುದಿ ನಾನು ಗೋಡೆಯ ಹತ್ತಿರ ಹಿಡೀತೇನೆ, ನೀನು ಪೈಪಿನ ಗುಂಟ ಹೋಗು.

ಸೊಸೆ: ಇಲ್ಲಿ ನಾಲ್ಕು ಸೆಂಟಿಮೀಟರ್ ಕೆಳಗೆ... ಇಲ್ಲಿ ಹನ್ನೆರಡು... ಈ ಅಡಿಕೆ ದಬ್ಬೆಯ ಕಂಬ ಮಳೆಗೆ ವಾಲಿದೆ ಮಾವ, ಇದರ ಹತ್ತಿರ ಇಪ್ಪತ್ತಮೂರು. ಇದೇ ಎಲ್ಲಕ್ಕಿಂತ ತಗ್ಗು.

ಮಾವ: ಗುಮ್ಮಟದ ವಾಲ್ವು ಮುಚ್ಚಿ ಬಂದೆಯಾ? ಸರಿ, ಅಲ್ಲಿ ಜೋಡಣೆ ಸಡಿಲಿಸು. ಕೆಳಗೆ ತಂಬಿಗೆ ಹಿಡಿ.

ಸೊಸೆ: ಅಯ್ಯೋ, ಬರ್ತಾನೇ ಇದೆ. ಒಂದು ತಂಬಿಗೆ ತುಂಬಿತು. ಇಷ್ಟು ನೀರಿಗೂ ಹಲಗೆಯ ಮೇಲಿದ್ದ ಸಪುರ ಕೊಳವೆಯ ನೀರಿಗೂ ಒಂದೇ ಲೆಕ್ಕ ಬಂದದ್ದು ಹೇಗೆ ಅಂತ ಕೇಳೋಕೆ ಹೊರಟೆ. ಬೇಡ, ಗೊತ್ತಾಯ್ತು. ಎತ್ತರ ಮಾತ್ರ.

ಮಾವ: ಓರೆಯಾಗಿ ಮೂರು ಮಾರು ಮಲಗಿದ್ದರೂ ಎತ್ತರ ಮಾತ್ರ. ನಾಳೆ ಪೇಟೆಯಿಂದ ಒಂದು ಟೀ ಜೋಡಣೆ, ಒಂದು ಸಣ್ಣ ವಾಲ್ವು ತರ್ತೇನೆ. ಅದನ್ನ ಇದೇ ತಗ್ಗಿನಲ್ಲಿ ಕೂರಿಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ನೀರು ಬಿಡಿ. ಕಂಬ ನೆಟ್ಟಗೆ ಮಾಡಿ. ಈಗ ಜೋಡಿಸಿ ವಾಲ್ವು ತೆರೆದು, ಒಲೆಯ ಹತ್ತಿರ ಅಳೆದು ಬಾ.

ಸೊಸೆ: ಇಪ್ಪತ್ತೊಂದೂವರೆ! ಅಲ್ಲೂ ಇಲ್ಲೂ ಹೆಚ್ಚುಕಡಿಮೆ ಒಂದೇ. ಹಚ್ಚಿದೆ, ನೀಲಿ ಉರಿ, ಅಲುಗಾಡದೆ ನಿಂತಿದೆ. ಅಪ್ಪ ತೋಟದಿಂದ ಬರಲಿ, ಮೊದಲು ಹಲಗೆ ತೋರಿಸ್ತೇನೆ.

ಮಾವ: ಇವತ್ತಿನ ತಾರೀಕು, ಬೆಳಗಿನ ಅಳತೆ, ಸಂಜೆಯ ಅಳತೆ ಪಂಚಾಂಗದ ಬದಿಯಲ್ಲಿ ಬರೆದಿಡು. ಚಳಿಗಾಲದಲ್ಲಿ ಗುಂಡಿ ತಣ್ಣಗಾಗಿ ಗ್ಯಾಸು ನಿಜವಾಗಿಯೂ ಕಡಿಮೆಯಾಗ್ತದೆ. ಎಷ್ಟು ಕಡಿಮೆ ಅಂತ ಆಗ ಮತ್ತೆ ಅಳೆದು ನನಗೆ ಹೇಳು. ಹಲಗೆಯನ್ನ ಅಟ್ಟಕ್ಕೆ ಹಾಕಬೇಡ, ಅಡುಗೆಮನೆಯ ಗೋಡೆಗೇ ಮೊಳೆ ಹೊಡೆದು ತೂಗುಹಾಕು. ಈಗ ಆ ಚಹ ತಾ.